ಸೀಟಿಗೆ ಎಣ್ಣೆ ಕುಡಿಸಬೇಡಿ

ಸ್ಪೋರ್ಟ್ಸ್ ಕಾರಿನ ಸೀಟು ಮೊದಲು ಹಾಳಾಗುವುದು ಒಂದೇ ಜಾಗದಲ್ಲಿ. ಡ್ರೈವರ್ ಸೀಟಿನ ಬಾಗಿಲ ಕಡೆಯ ಬೋಲ್‌ಸ್ಟರ್. ತಿರುವಿನಲ್ಲಿ ಮೈ ಜಾರದ ಹಾಗೆ ಎರಡೂ ಪಕ್ಕ ಎದ್ದು ನಿಂತಿರುತ್ತದಲ್ಲ, ಆ ದಿಂಬು. ಕಾರು ನೆಲಕ್ಕೆ ಹತ್ತಿರ, ಸೀಟು ಅದಕ್ಕಿಂತ ಕೆಳಗೆ. ಹಾಗಾಗಿ ಇಳಿಯುವಾಗೆಲ್ಲ ಮೈಭಾರ ಪೂರ್ತಿ ಅದರ ಮೇಲೆ ಹಾಕಿ, ತೊಡೆ ಉಜ್ಜಿಕೊಂಡೇ ಹೊರಗೆ ಬರಬೇಕು. ಪ್ಯಾಂಟಿನ ದಪ್ಪ ಹೊಲಿಗೆ, ಜೇಬಿನ ಲೋಹದ ಗುಂಡಿ, ಬೆವರು ಎಲ್ಲವೂ ತಾಗುವುದು ಅಲ್ಲಿಗೇ. ಮೊದಲು ಅಲ್ಲಿ ಬೇಡದ ಹೊಳಪು ಕಾಣಿಸಿಕೊಳ್ಳುತ್ತದೆ. ಆಮೇಲೆ ಸಣ್ಣ ಸಣ್ಣ ಗೆರೆ. ಆಮೇಲೆ ಬಣ್ಣ ಎದ್ದು, ಅಡಿಯ ನಾರು ಇಣುಕುತ್ತದೆ.

ಆಗ ಎಲ್ಲರ ಬಾಯಲ್ಲೂ ಒಂದೇ ಮದ್ದು: "ಚರ್ಮ ಒಣಗಿದೆ, ಎಣ್ಣೆ ಕುಡಿಸಿ." ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಅಲ್ಲ, ಸತ್ತ ಚರ್ಮಕ್ಕೆ ಹಸಿವು ಬಾಯಾರಿಕೆ ಎಲ್ಲಿಂದ ಬರಬೇಕು? ಅದೂ ಹೋಗಲಿ. ಆ ಸೀಟಿನ ಮೇಲೆ ಕೈಯಾಡಿಸಿದಾಗ ನಿಮ್ಮ ಬೆರಳಿಗೆ ತಾಗುತ್ತಿರುವುದು ಚರ್ಮವೇ ಅಲ್ಲ. ಅದು ಪ್ಲಾಸ್ಟಿಕ್ ಬಣ್ಣ.

ಇಂದಿನ ಕಾರುಗಳ ಲೆದರ್ ಸೀಟುಗಳಲ್ಲಿ ಹೆಚ್ಚಿನವು ಹೀಗೇ. ಚರ್ಮದ ದಪ್ಪ ಒಂದು ಮಿಲಿಮೀಟರಿಗಿಂತ ತುಸು ಜಾಸ್ತಿ. ಅದರ ಮೇಲೆ ಬಣ್ಣ ಬೆರೆಸಿದ ಪಾಲಿಯುರೆಥೇನ್ ಅಥವಾ ಅಕ್ರಿಲಿಕ್ ಪದರ, ಅದರ ಮೇಲೆ ಬಣ್ಣವಿಲ್ಲದ ಪಾಲಿಯುರೆಥೇನ್ ಪದರ. ಎಲ್ಲ ಸೇರಿದರೂ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಇದಕ್ಕೂ ಒಂದು ಮಿತಿ ಇದೆ. ಯುರೋಪಿನ ಮಾನದಂಡದ ಪ್ರಕಾರ ಮೇಲಿನ ಲೇಪ 0.15 ಮಿಲಿಮೀಟರ್ ದಾಟಿದರೆ ಅದನ್ನು ಸುಮ್ನೆ 'ಲೆದರ್' ಅಂತ ಮಾರುವ ಹಾಗಿಲ್ಲ. ಚರ್ಮಕ್ಕೆ ನಿಜವಾಗಿ ಬೇಕಾದ ಎಣ್ಣೆಯನ್ನು ಹದಗಾರಿಕೆ ಕಾರ್ಖಾನೆಯಲ್ಲೇ ಕೊಟ್ಟಿರುತ್ತಾರೆ. ತಿರುಗುವ ದೊಡ್ಡ ಪೀಪಾಯಿಯಲ್ಲಿ, ಚರ್ಮ ಇನ್ನೂ ಒದ್ದೆ ಇರುವಾಗ, ಬಣ್ಣ ಬೀಳುವ ಮೊದಲೇ. ನೀವು ಈಗ ಮೇಲಿಂದ ಬಳಿಯುವ ಎಣ್ಣೆ ಪ್ಲಾಸ್ಟಿಕ್ ಪೊರೆಯ ಮೇಲೇ ಕೂರುತ್ತದೆ. ಬರೀ ಕೂತಿದ್ದರೆ ಪರವಾಗಿಲ್ಲ. ದಿನ ಕಳೆದಂತೆ ಪೊರೆಯೊಳಗೆ ಇಳಿದು ಅದನ್ನು ಮೆದುವಾಗಿಸುತ್ತದೆ, ಅಂಟಂಟಾಗಿಸುತ್ತದೆ. ನಮ್ಮ ಮೈಯ ಜಿಡ್ಡು ಮಾಡುವ ಕೆಡುಕನ್ನೇ ನಾವು ಡಬ್ಬಿಯಲ್ಲಿ ಕೊಂಡು ತಂದು ಮಾಡಿದ ಹಾಗಾಯಿತು.

ಅನುಮಾನ ಇದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ನೀರು ಹಾಕಿ ನೋಡಿ. ಹನಿ ಗುಂಡಗೆ ನಿಂತರೆ ಅದು ಬಣ್ಣದ ಪೊರೆ. ಹೀರಿಕೊಂಡು ಕಪ್ಪಗಾದರೆ ಅದು ಲೇಪವಿಲ್ಲದ ಅನಿಲೀನ್ ಚರ್ಮ. ಅದರ ಆರೈಕೆ ಬೇರೆ, ಇಲ್ಲಿ ಬೇಡ.

ಹಾಗಾದರೆ ಗೆರೆ ಬಿದ್ದದ್ದು ಯಾಕೆ? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1846ರಲ್ಲಿ ಬಾಸೆಲ್‌ನ ಕ್ರಿಶ್ಚಿಯನ್ ಶೋನ್‌ಬೈನ್ ಹತ್ತಿಗೆ ನೈಟ್ರಿಕ್ ಆಮ್ಲ ಸೇರಿಸಿ ನೈಟ್ರೋಸೆಲ್ಯುಲೋಸ್ ಮಾಡುವ ದಾರಿ ತೋರಿಸಿದ. ಮದ್ದುಗುಂಡಿನ ಲೋಕ ಕುಣಿದಾಡಿತು, ಯಾಕಂದರೆ ಅದು ಭಗ್ಗನೆ ಉರಿಯುವ ವಸ್ತು. ಅದರ ಸೌಮ್ಯ ರೂಪವನ್ನೇ ದ್ರಾವಕದಲ್ಲಿ ಕರಗಿಸಿ ಬಳಿದರೆ ಬೇಗ ಒಣಗುವ ಸೊಗಸಾದ ಬಣ್ಣವಾಗುತ್ತದೆ ಅಂತ ಆಮೇಲೆ ತಿಳಿಯಿತು. 1923ರಲ್ಲಿ ಡುಪಾಂಟ್ ಕಂಪನಿಯ ಡ್ಯೂಕೊ ಬಣ್ಣ ಜನರಲ್ ಮೋಟಾರ್ಸ್‌ನ ಓಕ್ಲೆಂಡ್ ಕಾರುಗಳಿಗೆ ಬಂತು. ಅದಕ್ಕೆ ಮುಂಚೆ ಕಾರಿನ ವಾರ್ನಿಷ್ ಒಣಗಲು ವಾರಗಟ್ಟಲೆ ಕಾಯಬೇಕಿತ್ತು. ಮ್ಯಾಂಚೆಸ್ಟರ್ ಹತ್ತಿರದ ಹೈಡ್‌ನಲ್ಲಿ ತಯಾರಾಗುತ್ತಿದ್ದ ಮೂಲ ರೆಕ್ಸಿನ್ ಕೂಡ ಬಟ್ಟೆಯ ಮೇಲೆ ಬಳಿದ ನೈಟ್ರೋಸೆಲ್ಯುಲೋಸೇ. ಸೀಟಿನ ಚರ್ಮಕ್ಕೂ ಅದೇ ಬಣ್ಣ ಬಿತ್ತು.

ಆದರೆ ನೈಟ್ರೋಸೆಲ್ಯುಲೋಸ್ ಸ್ವಭಾವತಃ ಪೆಡಸು. ಬಗ್ಗಲಿ ಅಂತ ಅದಕ್ಕೆ ಹರಳೆಣ್ಣೆಯಂಥ ಮೆದುಕಾರಕ ಬೆರೆಸುತ್ತಿದ್ದರು. ತೊಂದರೆ ಶುರುವಾಗುವುದು ಅಲ್ಲೇ. ಈ ಮೆದುಕಾರಕ ಬಣ್ಣದ ಅಣುಗಳಿಗೆ ಕಟ್ಟಿಕೊಂಡಿರುವುದಿಲ್ಲ, ನಡುವೆ ಬಾಡಿಗೆಗೆ ಇರುತ್ತದೆ ಅಷ್ಟೇ. ಬಿಸಿಲು, ಸೆಕೆ, ವರ್ಷಗಳು. ಒಂದೊಂದೇ ಅಣು ಜಾಗ ಖಾಲಿ ಮಾಡುತ್ತದೆ. ಉಳಿಯುವುದು ಮೊದಲಿನ ಪೆಡಸು ಪೊರೆ. ಕೂತರೆ ಚಟ್ ಅಂತ ಬಿರುಕು. ಹಳೆಯ ಕಾಲದ ಕಾರುಗಳ ಸೀಟು ಕಂಡು ಜನ "ಚರ್ಮ ಒಣಗಿದೆ" ಅಂದದ್ದು ಬಹುಶಃ ಇದನ್ನು ನೋಡಿಯೇ. ಒಣಗಿದ್ದು ಬಣ್ಣ.

1937ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಒಟ್ಟೊ ಬಾಯರ್ ಮತ್ತು ಜೊತೆಗಾರರು ಪಾಲಿಯುರೆಥೇನ್ ಮಾಡಿದರು. (ಹೆಸರು ಒಂದೇ ಆದರೂ ಬಾಯರ್ ಕಂಪನಿ ಕಟ್ಟಿದ ಮನೆತನಕ್ಕೂ ಈತನಿಗೂ ನೆಂಟಸ್ತಿಕೆ ಇಲ್ಲ.) ನನಗೆ ತುಂಬಾ ಇಷ್ಟವಾದ ಅಣು ಇದು. ಇದರ ಒಂದೊಂದು ಸರಪಳಿಯಲ್ಲೂ ಎರಡು ಬಗೆಯ ತುಂಡುಗಳು ಸರದಿಯಂತೆ ಬರುತ್ತವೆ. ಒಂದು ಉದ್ದನೆಯ, ಸಡಿಲ ತುಂಡು. ಇನ್ನೊಂದು ಗಿಡ್ಡ, ಬಿಗಿ ತುಂಡು. ಬಿಗಿ ತುಂಡುಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದು ಗಂಟು ಕಟ್ಟುತ್ತವೆ. ಸಡಿಲ ತುಂಡುಗಳು ಗಂಟಿನಿಂದ ಗಂಟಿಗೆ ಸುರುಳಿಯಾಗಿ ಹರಡಿರುತ್ತವೆ. ಎಳೆದರೆ ಸುರುಳಿ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಮತ್ತೆ ಮುದುಡುತ್ತದೆ, ಗಂಟುಗಳು ಜಾಗ ಬಿಡುವುದಿಲ್ಲ. ಮೆದುತನ ಅಣುವಿನೊಳಗೇ ಹೆಣೆದುಕೊಂಡಿದೆ, ಓಡಿಹೋಗುವ ಮಾತೇ ಇಲ್ಲ. ಚರ್ಮದ ಲೇಪ ಪರೀಕ್ಷಿಸುವ ಬ್ಯಾಲಿ ಫ್ಲೆಕ್ಸೋಮೀಟರ್ ಅನ್ನುವ ಯಂತ್ರ ನಿಮಿಷಕ್ಕೆ 100 ಸಲದಂತೆ ಹತ್ತಾರು ಸಾವಿರ ಸಲ ಮಡಿಸಿದರೂ ಒಳ್ಳೆಯ ಪಾಲಿಯುರೆಥೇನ್ ಲೇಪ ಬಿರುಕು ಬಿಡುವುದಿಲ್ಲ. ಆದರೂ ಬೋಲ್‌ಸ್ಟರ್ ಮೇಲೆ ಮಡಿಕೆಯ ಜೊತೆಗೆ ಉಜ್ಜಾಟ, ಜಿಡ್ಡು, ಬಿಸಿಲು ಎಲ್ಲ ಒಟ್ಟಿಗೆ ಬೀಳುತ್ತವೆ. ಅಲ್ಲಿ ಅದೂ ಸೋಲುತ್ತದೆ.

ಅಂದಮೇಲೆ ಸೀಟು ಹೊಸದು ಮಾಡುವುದು ಚರ್ಮದ ವೈದ್ಯ ಅಲ್ಲ, ಪೇಂಟಿಂಗ್ ಕೆಲಸ. ಹಾಗಂತ ಗೋಡೆಯ ಬಣ್ಣವೋ ಶೂ ಪಾಲಿಶೋ ತಂದು ಬಳಿಯಬೇಡಿ. ಬೇಕಾದದ್ದು ಚರ್ಮಕ್ಕೆಂದೇ ಮಾಡಿದ, ನೀರಿನಲ್ಲಿ ಬೆರೆತ ಪಾಲಿಯುರೆಥೇನ್ ಬಣ್ಣ. ಡಬ್ಬಿ ತೆರೆದರೆ ಹಾಲಿನಂಥ ದ್ರವ. ಅದರಲ್ಲಿ ಪಾಲಿಯುರೆಥೇನ್ ಕರಗಿಲ್ಲ, ಕಣಗಳಾಗಿ ತೇಲುತ್ತಿದೆ. ಒಂದೊಂದು ಕಣದ ಅಗಲ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸು. ಬಳಿದ ಮೇಲೆ ನೀರು ಆರುತ್ತಾ ಹೋಗುತ್ತದೆ, ಕಣಗಳು ಹತ್ತಿರ ಬರುತ್ತವೆ. ಕೊನೆಯ ಚೂರು ನೀರು ಕಣಗಳ ಸಂದಿಯಲ್ಲಿ ಸಿಕ್ಕಿಕೊಂಡಾಗ ಅದರ ಮೇಲ್ಮೈ ಸೆಳೆತ ಅವನ್ನು ಎಷ್ಟು ಜೋರಾಗಿ ಒತ್ತುತ್ತದೆ ಅಂದರೆ, ನಾದಿದ ಹಿಟ್ಟಿನ ಉಂಡೆಗಳನ್ನು ಪಾತ್ರೆಯಲ್ಲಿ ಅದುಮಿದ ಹಾಗೆ ದುಂಡು ಕಣಗಳು ಚಪ್ಪಟೆಯಾಗಿ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಆಮೇಲೆ ಗಡಿ ದಾಟಿ ಸರಪಳಿಗಳು ಪಕ್ಕದ ಕಣದೊಳಗೆ ಹೆಣೆದುಕೊಳ್ಳುತ್ತವೆ, ಗಡಿಯೇ ಅಳಿಸಿಹೋಗುತ್ತದೆ. ಮತ್ತೆ ನೀರು ಹಾಕಿದರೂ ಅದು ಹಾಲಾಗುವುದಿಲ್ಲ.

ಇದೆಲ್ಲ ನಡೆಯಲು ಕಣ ಮೆದುವಾಗಿರಬೇಕು, ಅದಕ್ಕೆ ತಕ್ಕಷ್ಟು ಬೆಚ್ಚಗಿರಬೇಕು. ತಣ್ಣನೆಯ ಗ್ಯಾರೇಜಿನಲ್ಲಿ ಬಳಿದರೆ ನೀರು ಹೋಗುತ್ತದೆ, ಕಣಗಳು ಕೂಡಿಕೊಳ್ಳುವುದಿಲ್ಲ. ಪೊರೆ ನೋಡಲು ಸರಿಯಾಗೇ ಇದ್ದು ಉಗುರು ತಾಗಿದರೆ ಪುಡಿಯಾಗುತ್ತದೆ. ದಪ್ಪಗೆ ಬಳಿದರೂ ಎಡವಟ್ಟೇ: ಮೇಲೆ ಕೆನೆಗಟ್ಟಿ ಒಳಗೆ ನೀರು ಉಳಿಯುತ್ತದೆ. ಅದಕ್ಕೇ ಸ್ಪಂಜಿನಲ್ಲಿ ತೆಳುವಾಗಿ ಒಂದು ಕೈ, ಹೇರ್ ಡ್ರೈಯರ್, ಇನ್ನೊಂದು ಕೈ. ತೂತು ತೂತಿನ ಚರ್ಮವಾದರೆ ಸ್ಪಂಜು ತೂತು ಮುಚ್ಚಿಬಿಡುತ್ತದೆ, ಅಲ್ಲಿ ಹಗುರವಾಗಿ ಸ್ಪ್ರೇ ಮಾಡಬೇಕು. ಕೊನೆಯ ಪದರಕ್ಕೆ ಕ್ರಾಸ್‌ಲಿಂಕರ್ ಹನಿ ಬೆರೆಸಿದರೆ ಸರಪಳಿಗಳ ನಡುವೆ ರಾಸಾಯನಿಕ ಕೊಂಡಿಯೇ ಬೀಳುತ್ತದೆ. ಬೆರೆಸಿದ್ದನ್ನು ನಾಳೆಗೆ ಇಡುವಂತಿಲ್ಲ. ಕೈಗವಸು ಬೇಕೇ ಬೇಕು, ಗಾಳಿ ಆಡಬೇಕು, ಸ್ಪ್ರೇ ಮಾಡುವವರಿಗೆ ಸರಿಯಾದ ಮುಖಗವಸೂ ಬೇಕು. ನಮ್ಮ ಮೈಚರ್ಮಕ್ಕೆ, ಶ್ವಾಸಕ್ಕೆ ಅಲರ್ಜಿ ತರುವ ವಸ್ತು ಈ ಕ್ರಾಸ್‌ಲಿಂಕರ್.

ಇಷ್ಟೆಲ್ಲ ಮಾಡಿಯೂ ಬಣ್ಣ ಎದ್ದು ಬಂದರೆ ಕಾರಣ ಹೆಚ್ಚಾಗಿ ಅಡಿಯಲ್ಲಿರುತ್ತದೆ. ಡ್ಯಾಶ್‌ಬೋರ್ಡಿಗೆ ಹೊಳಪು ಕೊಡುವ ಸಿಲಿಕೋನ್ ಸ್ಪ್ರೇ ಇದೆಯಲ್ಲ, ಪೇಂಟರುಗಳ ಪರಮ ಶತ್ರು. ಸೀಟಿನ ಮೇಲೆ ಅದರ ಒಂದು ಚುಕ್ಕೆ ಉಳಿದಿದ್ದರೂ ಸಾಕು, ಒದ್ದೆ ಬಣ್ಣ ಕಣ್ಣೆದುರೇ ಅಲ್ಲಿಂದ ಸುತ್ತಲೂ ಸರಿದು ನಡುವೆ ಪುಟ್ಟ ಕುಳಿ ಬಿಡುತ್ತದೆ. ಸಿಲಿಕೋನಿನ ಮೇಲ್ಮೈ ಸೆಳೆತ ಬಹಳ ಕಡಿಮೆ, ಸುತ್ತಲಿನ ಬಣ್ಣದ್ದು ಜಾಸ್ತಿ. ಸೆಳೆತ ಜಾಸ್ತಿ ಇರುವ ಕಡೆಗೆ ದ್ರವ ಹರಿಯುತ್ತದೆ. ಮೇಲೆ ಮತ್ತೆ ಬಳಿದರೆ ಕುಳಿ ಮತ್ತೆ ಬಾಯಿ ತೆರೆಯುತ್ತದೆ. ಮೊದಲೇ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಜಿಡ್ಡು ತೆಗೆಯುವ ದ್ರವದಿಂದ ಬಟ್ಟೆ ಬದಲಿಸುತ್ತಾ ಒರೆಸಿ, ನಯವಾದ ಉಪ್ಪುಕಾಗದದಿಂದ ಹಳೆಯ ಹೊಳಪು ಮುರಿಯುವುದೇ ಈ ಕೆಲಸದ ಮುಕ್ಕಾಲು ಪಾಲು.

ಬಣ್ಣ ಹೊಂದಿಸುವವರಿಗೂ ಒಂದು ಮಾತು. ಟ್ಯೂಬ್‌ಲೈಟಿನಲ್ಲಿ ತದ್ರೂಪು ಕಂಡ ಎರಡು ಕಪ್ಪು ಬಿಸಿಲಿಗೆ ಬಂದರೆ ಒಂದು ನೀಲಿಗೆ, ಇನ್ನೊಂದು ಕಂದಿಗೆ ತಿರುಗಬಹುದು. ಬೇರೆ ಬೇರೆ ವರ್ಣಕಗಳು ಒಂದು ಬೆಳಕಿನಲ್ಲಿ ಕಣ್ಣಿಗೆ ಒಂದೇ ಥರ ಕಂಡು ಇನ್ನೊಂದು ಬೆಳಕಿನಲ್ಲಿ ಗುಟ್ಟು ಬಿಟ್ಟುಕೊಡುತ್ತವೆ. ಹೊಂದಿಸುವುದಾದರೆ ಹಗಲು ಬೆಳಕಿನಲ್ಲಿ ಹೊಂದಿಸಿ.

ಕೆಲವರು ಚರ್ಮವೇ ಬೇಡ ಅಂತ ಅಲ್ಕಾಂತರಾ ಹೊಲಿಸುತ್ತಾರೆ. ಇದು ಮೃದು ಚರ್ಮದ ಹಾಗೆ ಕಂಡರೂ ಯಾವ ಪ್ರಾಣಿಯದೂ ಅಲ್ಲ. 1970ರಲ್ಲಿ ಜಪಾನಿನ ಟೋರೆ ಕಂಪನಿಯ ಮಿಯೊಶಿ ಒಕಮೊಟೊ ಕಂಡುಹಿಡಿದ ತೀರಾ ಸಣ್ಣ ಪಾಲಿಯೆಸ್ಟರ್ ಎಳೆಗಳ ಹೆಣಿಗೆ, ಹಿಡಿದಿಡಲು ಮತ್ತೆ ಪಾಲಿಯುರೆಥೇನ್. ನಾವು ತೊಟ್ಟ ಬಟ್ಟೆಯನ್ನು ಹಿಡಿದು ನಿಲ್ಲಿಸುತ್ತದೆ, ಮೈ ಜಾರುವುದಿಲ್ಲ. ವೇಗದ ಕಾರಿಗೆ ಒಳ್ಳೆಯ ಆಯ್ಕೆ ಅಂತಲೇ ನನ್ನ ಅಭಿಪ್ರಾಯ. ಆದರೆ ಇದರ ಮೇಲೆ ಬಣ್ಣದ ಪೊರೆ ನಡೆಯುವುದಿಲ್ಲ, ಎಳೆಗಳೆಲ್ಲ ಅಂಟಿ ಹಪ್ಪಳೆಗಟ್ಟುತ್ತವೆ. ಜಿಡ್ಡು ತೆಗೆದು, ಮೆದು ಬ್ರಷ್‌ನಿಂದ ಎಬ್ಬಿಸಬೇಕು ಅಷ್ಟೇ.

ಹೊಸ ಕವರ್ ಹೊಲಿಸುವವರು ಬಟ್ಟೆ ಎಷ್ಟು ಬೇಗ ಉರಿಯುತ್ತದೆ ಅಂತಲೂ ಕೇಳಬೇಕು. ಅಮೆರಿಕದ ಎಫ್‌ಎಂವಿಎಸ್‌ಎಸ್ 302 ನಿಯಮದಂತೆ ಕಾರಿನೊಳಗಿನ ವಸ್ತುವಿನ ಮೇಲೆ ಬೆಂಕಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹಬ್ಬಬಾರದು. ಸೋಫಾ ಬಟ್ಟೆಗೆ ಈ ಪರೀಕ್ಷೆ ಆಗಿರಬೇಕು ಅಂತೇನಿಲ್ಲ.

ಇನ್ನು ಸೀಟಿನ ಬೆನ್ನಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ, ಸೀಟು ಬಿಚ್ಚುವ ಮೊದಲೇ ಬ್ಯಾಟರಿ ತಂತಿ ಕಳಚಿ, ಆ ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಸೀಟಿನಡಿಯ ಹಳದಿ ಕನೆಕ್ಟರ್ ಸಾಮಾನ್ಯವಾಗಿ ಅದರದ್ದೇ. ಆ ಬದಿಯ ಹೊಲಿಗೆಯಲ್ಲಿ ಒಂದು ಭಾಗವನ್ನು ಬೇಕೆಂದೇ ದುರ್ಬಲ ದಾರದಿಂದ ಹಾಕಿರುತ್ತಾರೆ, ಚೀಲ ಉಬ್ಬಿದಾಗ ಸರಿಯಾಗಿ ಅಲ್ಲೇ ಹರಿಯಲಿ ಅಂತ. ಅಂದಕ್ಕೆ ಅಂತ ಅಲ್ಲಿ ಗಟ್ಟಿ ದಾರದ ಕೆಂಪು ಜೋಡಿ ಹೊಲಿಗೆ ಹಾಕಿಸಿದರೆ ಚೀಲ ಹೊರಗೆ ಬರಲು ದಾರಿಯೇ ಇರುವುದಿಲ್ಲ. ಆ ಒಂದು ಗೇಣು ಹೊಲಿಗೆಯನ್ನು ಕಾರ್ಖಾನೆಯಿಂದ ಬಂದ ಹಾಗೇ ಬಿಟ್ಟು, ಕೆಂಪು ದಾರದ ಆಸೆಯನ್ನು ಸೀಟಿನ ನಡುವಿನ ಪಟ್ಟಿಗಳಲ್ಲಿ ತೀರಿಸಿಕೊಳ್ಳಿ.