ಬಿಪಿ ಏರುವ ಮುನ್ನ ರಕ್ತದಲ್ಲಿ ಸಿಗುವ ಸುಳಿವು

ಅಮೆರಿಕದ ಫ್ರೇಮಿಂಗ್‌ಹ್ಯಾಂ ಹೃದಯ ಅಧ್ಯಯನದವರು ಬಿಪಿ ಕಾಯಿಲೆ ಇಲ್ಲದ 1,688 ಜನರ ರಕ್ತದಲ್ಲಿ ಆಲ್ಡೋಸ್ಟೆರಾನ್ ಎಂಬ ಹಾರ್ಮೋನ್ ಎಷ್ಟಿದೆ ಎಂದು ಅಳೆದು, ನಾಲ್ಕು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿದರು. ಅಷ್ಟರಲ್ಲಿ ಸುಮಾರು ಶೇ 15ರಷ್ಟು ಮಂದಿಗೆ ಬಿಪಿ ಬಂದಿತ್ತು. ಆಲ್ಡೋಸ್ಟೆರಾನ್ ಅತಿ ಹೆಚ್ಚಿದ್ದ ಕಾಲು ಭಾಗದವರಲ್ಲಿ ಈ ಅಪಾಯ, ಅತಿ ಕಡಿಮೆ ಇದ್ದವರಿಗಿಂತ 1.6 ಪಟ್ಟು. ಎಲ್ಲರ ಮಟ್ಟವೂ ಹೆಚ್ಚುಕಡಿಮೆ ‘ನಾರ್ಮಲ್’ ಮಿತಿಯೊಳಗೇ ಇತ್ತು ಎಂಬುದು ಗಮನಿಸಬೇಕಾದ ಮಾತು. 2004ರಲ್ಲಿ ಪ್ರಕಟವಾದ ಈ ಫಲಿತಾಂಶದ ಬೇರು ಇನ್ನೂ ನೂರು ವರ್ಷ ಹಿಂದಕ್ಕೆ ಹೋಗುತ್ತದೆ.

1898ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಟೈಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡದಿಂದ ತೆಗೆದ ರಸವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಅದರ ರಕ್ತದೊತ್ತಡ ಏರಿತು. ಆ ರಸದಲ್ಲಿದ್ದ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. ಬಹುಕಾಲ ಅದು ಮೂಲೆಗೆ ಬಿದ್ದಿತ್ತು. 1934ರಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಧಮನಿಯನ್ನು ಬಿಗಿದು ಬಿಪಿ ಏರಿಸಿ ತೋರಿಸಿದ ಮೇಲೆ ಮತ್ತೆ ಎಲ್ಲರ ಕಣ್ಣು ಅತ್ತ ಹೊರಳಿತು. 1953ರಲ್ಲಿ, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರಾನ್ ಸಿಕ್ಕಿತು. ಎರಡೇ ವರ್ಷಕ್ಕೆ ಮಿಷಿಗನ್‌ನ ಜೆರೋಮ್ ಕಾನ್, ಬಿಪಿ ಹೆಚ್ಚಿದ್ದು ಪೊಟ್ಯಾಸಿಯಂ ಕುಸಿದಿದ್ದ ಮಹಿಳೆಯೊಬ್ಬರ ವಿವರ ಪ್ರಕಟಿಸಿದರು. ಅಡ್ರಿನಲ್ ಗಡ್ಡೆ ತೆಗೆದ ಮೇಲೆ ಆಕೆ ಚೇತರಿಸಿಕೊಂಡಿದ್ದರು.

ಆಲ್ಡೋಸ್ಟೆರಾನ್ ಮೂತ್ರಪಿಂಡಕ್ಕೆ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಂ ಹೊರಹಾಕಲು ಹೇಳುತ್ತದೆ. ಉಪ್ಪಿನ ಹಿಂದೆ ನೀರೂ ಉಳಿಯುತ್ತದೆ, ಒತ್ತಡ ಏರುತ್ತದೆ. ಗ್ರಂಥಿಯಿಂದ ಆಲ್ಡೋಸ್ಟೆರಾನ್ ಹೊರಡಿಸುವುದು ರೆನಿನ್; ಒತ್ತಡ ಏರಿದಾಗ ರೆನಿನ್ ತಗ್ಗಬೇಕು, ಜೊತೆಗೇ ಆಲ್ಡೋಸ್ಟೆರಾನ್ ಕೂಡ. ರೆನಿನ್ ತಗ್ಗಿದರೂ ಆಲ್ಡೋಸ್ಟೆರಾನ್ ಇಳಿಯದಿದ್ದರೆ ಗ್ರಂಥಿ ಅಂಕೆ ಮೀರಿದೆ ಎಂದರ್ಥ. ಆದ್ದರಿಂದಲೇ ಎರಡರ ಅನುಪಾತ ನೋಡುವುದು.

ಈ ಪರೀಕ್ಷೆ ಎಡವುವುದು ಹೆಚ್ಚಾಗಿ ರಕ್ತ ತೆಗೆಯುವಲ್ಲೇ. ಬೆಳಿಗ್ಗೆ ಎದ್ದು ಕನಿಷ್ಠ ಎರಡು ಗಂಟೆ ಓಡಾಡಿ, ನಂತರ 5ರಿಂದ 15 ನಿಮಿಷ ಕುಳಿತು ರಕ್ತ ಕೊಡಬೇಕು. ಮುಷ್ಟಿ ಬಿಗಿದು ಬಿಡುತ್ತಿದ್ದರೆ ಪೊಟ್ಯಾಸಿಯಂ ಸುಳ್ಳೇ ಹೆಚ್ಚು ಕಾಣುತ್ತದೆ. ಮಾದರಿಯನ್ನು ಐಸ್‌ನಲ್ಲಿ ಇಡಲೇಬಾರದು; ತಣ್ಣಗಾದರೆ ಪ್ರೊರೆನಿನ್ ಎಂಬ ನಿಷ್ಕ್ರಿಯ ರೂಪ ಸಕ್ರಿಯವಾಗಿ ರೆನಿನ್ ಲೆಕ್ಕ ಏರಿಬಿಡುತ್ತದೆ. ಬಿಪಿಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆಗಳು ರೆನಿನ್ ತಗ್ಗಿಸಿ ಇಲ್ಲದ ಕಾಯಿಲೆ ತೋರಿಸಬಹುದು. ಬಿಪಿಯದೇ ಮಾತ್ರೆ ಟೆಲ್ಮಿಸಾರ್ಟನ್ ರೆನಿನ್ ಏರಿಸಿ ಇರುವುದನ್ನು ಮರೆಮಾಚಬಹುದು. ಆಲ್ಡೋಸ್ಟೆರಾನ್ ತಡೆಯುವ ಸ್ಪಿರೊನೊಲ್ಯಾಕ್ಟೋನ್ ಸಾಮಾನ್ಯವಾಗಿ ನಾಲ್ಕು ವಾರ ಮೊದಲೇ ನಿಲ್ಲಬೇಕು. ಯಾವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಉರಿಯೂತ ಸೂಚಿಸುವ ಸಿಆರ್‌ಪಿ ಎಂಬ ರಕ್ತದ ಪ್ರೋಟೀನಿನ ಕಥೆ ಬೇರೆ. 2003ರಲ್ಲಿ ಅಮೆರಿಕದ 20,525 ಮಹಿಳೆಯರ ಅಧ್ಯಯನ, ಅದು ಹೆಚ್ಚಿದ್ದವರಿಗೆ ಮುಂದೆ ಬಿಪಿ ಬರುವ ಸಾಧ್ಯತೆಯೂ ಹೆಚ್ಚೆಂದು ತೋರಿಸಿತು. ಆದರೆ ಹುಟ್ಟಿನಿಂದಲೇ ಸಿಆರ್‌ಪಿ ಏರಿಸುವ ಜೀನ್ ಇರುವವರಲ್ಲಿ ಬಿಪಿ ಹೆಚ್ಚಿರಲಿಲ್ಲ. ಅಂದರೆ ಅದು ಬೊಜ್ಜಿನಂಥ ಬೇರೆ ಕಾರಣಗಳ ನೆರಳು ಮಾತ್ರ ಇರಬಹುದು. ನೆಗಡಿ-ಜ್ವರ ಇದ್ದಾಗಲೂ ಅದು ಏರುತ್ತದೆ. ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಎರಡು ವಾರ ಬಿಟ್ಟು ಮತ್ತೆ ನೋಡುವುದೇ ಸರಿ.

ಆಲ್ಡೋಸ್ಟೆರಾನ್ ಹಾಗಲ್ಲ, ಅದನ್ನು ತಡೆಯುವ ಔಷಧವಿದೆ, ಗಡ್ಡೆಯಿದ್ದರೆ ಶಸ್ತ್ರಚಿಕಿತ್ಸೆಯಿದೆ. ಮೊದಲೆಲ್ಲ ಮೂರು ಮಾತ್ರೆಗೂ ಬಗ್ಗದ ಬಿಪಿ, ಇಳಿದ ಪೊಟ್ಯಾಸಿಯಂ ಮುಂತಾದ ಲಕ್ಷಣ ಇದ್ದವರಿಗಷ್ಟೇ ಈ ಅನುಪಾತ ಪರೀಕ್ಷೆ ಹೇಳುತ್ತಿದ್ದರು. 2024ರ ಯುರೋಪಿನ ಹೃದ್ರೋಗ ಮಾರ್ಗಸೂಚಿಯು ಬಿಪಿ ಖಚಿತವಾದ ಎಲ್ಲ ವಯಸ್ಕರಿಗೂ ಇದನ್ನು ಪರಿಗಣಿಸಿ ಎನ್ನುತ್ತದೆ.