ಏರ್ ಟ್ಯಾಂಕಿನಾಗ ಆಯಿಲ್ ಬಂದ್ರ ಕಂಪ್ರೆಸರ್ ಬದಲಿ ಮಾಡ್ಲೇಬೇಕೇನ್ರಿ?

ಮುಧೋಳ ಕಡೆ ಕಬ್ಬು ಹೊಡಿಯೋ ಲಾರಿ ಮಾಲಕರೊಬ್ಬರು ಕೇಳ್ಯಾರ: "ಟ್ಯಾಂಕ್ ಡ್ರೇನ್ ಮಾಡಿದ್ರ ನೀರಿನ ಜೋಡಿ ಕರೀ ಆಯಿಲ್ ಬರಾಕತ್ತೈತಿ, ಏರ್ ತುಂಬಾಕೂ ಲೇಟ್, ಫಿಟರ್ ಹೊಸಾ ಕಂಪ್ರೆಸರ್ ಹಾಕ್ಸ್ರಿ ಅಂತಾನ, ಹಾಕ್ಸಲೇನ್ರಿ?"

ತಡೀರಿ. ಬ್ರೇಕಿಗೆ ಬೇಕಾದ ಗಾಳಿ ಒತ್ತಿ ಟ್ಯಾಂಕಿಗೆ ತುಂಬೋ ಕಂಪ್ರೆಸರ್ ಹೋಗಿರಬಹುದು, ಆದ್ರ ಅದನ್ನ ಕೆಡಿಸಿದ್ದು ಏನು ಅಂತ ಹುಡುಕಲಾರದ ಹೊಸಾದು ಕೂಡಿಸಿದ್ರ ಅದೂ ಅದೇ ಹಾದಿ ಹಿಡೀತೈತಿ.

ಮೊದ್ಲು ಲೀಕ್ ನೋಡ್ರಿ. ಗಾಡಿ ಸಮ ನೆಲದಾಗ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಏರ್ ಫುಲ್ ಮಾಡಿ ಇಂಜಿನ್ ಬಂದ್ ಮಾಡ್ರಿ, ಹತ್ತು ನಿಮಿಷದಾಗ ಗೇಜಿನ ಮುಳ್ಳು ಕಣ್ಣಿಗೆ ಕಾಣೂವಷ್ಟು ಇಳಿದ್ರ ಎಲ್ಲೋ ಗಾಳಿ ಹೊಂಟೈತಿ, ಸೋಪಿನ ನೀರು ಹಚ್ಚಿದ್ರ ಜಾಯಿಂಟ್ ತಾನs ತೋರಸ್ತದ. ಎಷ್ಟೋ ಗಾಡಿಯೊಳಗ ಸುಮಾರು 8 ಬಾರ್ ಆದ ಮ್ಯಾಲೆ ಕಂಪ್ರೆಸರ್‌ಗೆ ಲೋಡ್ ಕಟ್ ಆಗಿ, ಅಂದ್ರ ಗಾಳಿ ಒತ್ತೂದು ನಿಂತು, ಸ್ವಲ್ಪ ಆರಾಮ ಸಿಗ್ತದ, ಲೀಕ್ ಇದ್ರ ಆ ಆರಾಮs ಇಲ್ಲ, ಕಂಪ್ರೆಸರ್ ಹೆಡ್ (ಮ್ಯಾಲಿನ ಭಾಗ) ಕಾಯ್ತದ, ಆಯಿಲ್ ಸುಟ್ಟು ಕಾರ್ಬನ್ ಆಗ್ತದ.

ಆ ಕಾರ್ಬನ್ ಕೂಡೂದು ಕಂಪ್ರೆಸರ್ ಹೆಡ್ಡಿಂದ, ಗಾಳ್ಯಾಗಿನ ನೀರು ಹೀರೋ ಡ್ರೈಯರ್‌ಗೆ ಹೋಗೋ ಡೆಲಿವರಿ ಪೈಪಿನಾಗ. ಟ್ಯಾಂಕ್ ಎಲ್ಲಾ ಖಾಲಿ ಮಾಡಿ ಆ ನಟ್ ಬಿಚ್ಚಿ ಒಳಗ ಬೆರಳು ಹಾಕಿ ನೋಡ್ರಿ, ಕರ್ರಗ ಗಟ್ಟಿ ಪದರ, ನಡುವ ಪೆನ್ಸಿಲ್ ಹೋಗೋವಷ್ಟು ತೂತು ಉಳಿದಿರ್ತದ! ಪೈಪ್ ಕಟ್ಟಿದ್ರ ಹೆಡ್ ಇನ್ನೂ ಕಾಯ್ತದ, ವಾಲ್ವ್ ಪ್ಲೇಟ್ ಹೋಗ್ತಾವ, ರಿಂಗ್ ಸವೀತಾವ. ಕಬ್ಬಿನ ಹೊಲದ ದಾರಿ ಧೂಳಿಗೆ ಏರ್ ಫಿಲ್ಟರ್ ಕಟ್ಟಿದ್ರೂ ಕಂಪ್ರೆಸರ್ ಗಾಳಿ ಸಿಗಲಾರದ ಆಯಿಲ್ ಎಳ್ಕೊಂತದ. ಕಂಪ್ರೆಸರಿಂದ ಇಂಜಿನ್‌ಗೆ ಆಯಿಲ್ ವಾಪಸ್ ಹೋಗೋ ದಾರಿ ಬ್ಲಾಕ್ ಆದ್ರೂ ಅದs ಕಥಿ.

ಇಷ್ಟೆಲ್ಲಾ ಸರಿ ಮಾಡಿದ ಮ್ಯಾಲೂ ಏರ್ ಏರಲಿಲ್ಲಂದ್ರ ಬದಲಿ ಮಾಡ್ರಿ. ಆದ್ರ ಹಳೇ ಡೆಲಿವರಿ ಪೈಪ್ ಮತ್ತ ಹಾಕಬ್ಯಾಡ್ರಿ, ಇದನ್ನ ಕೈ ಮುಗಿದು ಹೇಳ್ತೀನಿ, ಡ್ರೈಯರ್ ಕಾರ್ಟ್ರಿಜ್ ಸೈತ ಹೊಸಾದು ಹಾಕ್ಸ್ರಿ. ಕೆಲವು ಇಂಜಿನ್‌ನಾಗ ಡೀಸೆಲ್ ಪಂಪ್ ಕಂಪ್ರೆಸರ್ ಶಾಫ್ಟಿಂದನs ತಿರುಗ್ತದ, ಅಂಥಾದ್ರಾಗ ಮಾರ್ಕ್ ಹಾಕಲಾರದ ಬಿಚ್ಚಿದ್ರ ಇಂಜಿನ್‌ಗೆ ಡೀಸೆಲ್ ಬೀಳೋ ಟೈಮಿಂಗ್ ಹೋಗ್ತದ. ಫಿಟ್ ಮಾಡೂಕಿಂತ ಮೊದ್ಲು ಆಯಿಲ್ ಬರೋ ತೂತಿಗೆ ಸ್ವಲ್ಪ ಇಂಜಿನ್ ಆಯಿಲ್ ಹಾಕ್ರಿ, ಒಣಾ ತಿರುಗಬಾರದು.

ಹಾಕಿದ ಮ್ಯಾಲೆ ಒಂದೆರಡು ವಾರ ಟ್ಯಾಂಕಿನಾಗ ಉಳಿದ ಹಳೇ ಆಯಿಲ್ ಬರ್ತಿರ್ತದ, ಗಾಬರಿ ಆಗಬ್ಯಾಡ್ರಿ, ದಿನಾ ಡ್ರೇನ್ ಮಾಡ್ರಿ. ಆಮ್ಯಾಲೂ ಬಂದ್ರ ಇಂಜಿನ್ ಬ್ರೀದರ್‌ನಾಗ (ಇಂಜಿನ್ ಒಳಗಿನ ಗಾಳಿ ಹೊರಗ ಬಿಡೋ ಪೈಪ್) ಹೊಗಿ ಜೋರ್ ಬರ್ತೈತೇನು ನೋಡ್ರಿ, ಯಾಕಂದ್ರ ಇಂಜಿನ್ ಒಳಗಿನ ಪ್ರೆಶರ್ ಹೆಚ್ಚಾದ್ರೂ ಕಂಪ್ರೆಸರ್‌ಗೆ ಆಯಿಲ್ ಏರ್ತದ.