ಹಳೆಯ ಕಂಪ್ಯೂಟರಿಗೆ ಯಾವ ಎಲ್‌ಸಿಡಿ ಮಾನಿಟರ್ ಹೊಂದುತ್ತದೆ?

ಪ್ರಶ್ನೆ: ನನ್ನ ಬಳಿ ಡಾಸ್ ಹಾಕಿರುವ ಒಂದು 486 ಪಿಸಿ ಮತ್ತು ಒಂದು ಅಮಿಗಾ 500 ಇವೆ. ಸಿಆರ್‌ಟಿ ಮಾನಿಟರ್ ಕೆಟ್ಟುಹೋಗಿದೆ. ವಿಜಿಎ ಪೋರ್ಟ್ ಇರುವ ಯಾವುದಾದರೂ ಎಲ್‌ಸಿಡಿ ಕೊಂಡರೆ ಎರಡಕ್ಕೂ ನಡೆಯುತ್ತದೆಯೇ?

ಉತ್ತರ: 486ಕ್ಕೆ ನಡೆಯುತ್ತದೆ, ಆದರೆ "ಯಾವುದಾದರೂ" ಅಲ್ಲ. ಅಮಿಗಾಕ್ಕೆ ಬಹುತೇಕ ಮಾನಿಟರ್‌ಗಳು ನೇರವಾಗಿ ನಡೆಯುವುದೇ ಇಲ್ಲ. ಪೋರ್ಟಿನ ಆಕಾರ ನೋಡಿ ಮಾನಿಟರ್ ಆರಿಸಿದರೆ ಎಡವುತ್ತೀರಿ. ಮೊದಲು ತಿಳಿಯಬೇಕಾದದ್ದು ಕಂಪ್ಯೂಟರ್ ಒಂದು ಸೆಕೆಂಡಿಗೆ ಎಷ್ಟು ಗೆರೆ ಬರೆಯುತ್ತದೆ ಎಂಬುದು. ಮಾನಿಟರಿನ ಕೈಪಿಡಿಯಲ್ಲಿ ಇದನ್ನು ಹಾರಿಜಾಂಟಲ್ ಫ್ರೀಕ್ವೆನ್ಸಿ ಎಂದು ಕಿಲೋಹರ್ಟ್ಸ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ.

1987ರಲ್ಲಿ ಐಬಿಎಂ ತನ್ನ ಪಿಎಸ್/2 ಜೊತೆ ತಂದ ವಿಜಿಎ 31.5 ಕಿಲೋಹರ್ಟ್ಸ್‌ನಲ್ಲಿ ಓಡುತ್ತದೆ. ಅಮಿಗಾ, ಕಮಡೋರ್ 64, ಅಟಾರಿ ಎಸ್‌ಟಿಯ ಬಣ್ಣದ ಮೋಡ್‌ಗಳು ಟಿವಿಯ ಲೆಕ್ಕಕ್ಕೆ ಹೊಂದುವಂತೆ 15.6 ಅಥವಾ 15.7ರ ಸುಮಾರಿನಲ್ಲಿವೆ. ವಿಜಿಎಗಿಂತ ಹಳೆಯ ಪಿಸಿ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಸಿಜಿಎ ಕೂಡ 15.7. ಇಜಿಎಯ 350 ಗೆರೆಯ ಮೋಡ್ 21.8, ಹರ್ಕ್ಯುಲಿಸ್ 18.4. ಈಗಿನ ಮಾನಿಟರ್‌ಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಕಾಣುವುದು 30ರಿಂದ 83 ಕಿಲೋಹರ್ಟ್ಸ್ ಎಂಬಂಥ ಅಂಕಿ. 30ಕ್ಕಿಂತ ಕೆಳಗಿನದು ಬಂದರೆ ಪರದೆಯ ಮೇಲೆ "ಔಟ್ ಆಫ್ ರೇಂಜ್" ಬರುತ್ತದೆ, ಇಲ್ಲವೇ ಕಪ್ಪಾಗಿಯೇ ಉಳಿಯುತ್ತದೆ. ಕೇಬಲ್ ಬದಲಿಸಿ ಪ್ರಯೋಜನವಿಲ್ಲ.

ಮೊದಲು 486ರ ವಿಷಯ. ಡಾಸ್‌ನ ಅಕ್ಷರಗಳ ಪರದೆ 720×400, ಸೆಕೆಂಡಿಗೆ 70 ಬಾರಿ. ಹೆಚ್ಚಿನ ಡಾಸ್ ಆಟಗಳು 320×200ರಲ್ಲಿವೆ. ವಿಜಿಎ ಕಾರ್ಡ್ ಪ್ರತಿ ಗೆರೆಯನ್ನೂ ಎರಡು ಸಲ ಕಳಿಸುವುದರಿಂದ ಅದು ಹೊರಬರುವುದು 400 ಗೆರೆಗಳಾಗಿ, ಅದೇ 70 ಹರ್ಟ್ಸ್‌ನಲ್ಲಿ. ತೊಂದರೆ ಶುರುವಾಗುವುದು ಇಲ್ಲೇ. ವಿಜಿಎ ಕೇಬಲಿನಲ್ಲಿ ಪಿಕ್ಸೆಲ್‌ಗಳ ಗಡಿಯಾರ, ಅಂದರೆ ಒಂದೊಂದು ಪಿಕ್ಸೆಲ್ ಎಲ್ಲಿ ಶುರುವಾಗುತ್ತದೆ ಎಂದು ತಿಳಿಸುವ ಸಂಕೇತ, ಬರುವುದಿಲ್ಲ. ಅಕ್ಷರದ ಮತ್ತು ಆಟದ ಎರಡೂ ಮೋಡ್‌ಗಳ ಆವರ್ತನವೂ, ಗೆರೆ ಮತ್ತು ಫ್ರೇಮ್ ಶುರುವಾಗುವುದನ್ನು ತಿಳಿಸುವ ಸಿಂಕ್ ಸಂಕೇತದ ಧ್ರುವತೆಯೂ (ಪ್ಲಸ್ಸೋ ಮೈನಸ್ಸೋ ಎಂಬುದು) ಒಂದೇ ಆದ್ದರಿಂದ ಆಟ ಓಡುತ್ತಿದ್ದರೂ ಮಾನಿಟರ್ ಅದನ್ನು 720×400 ಎಂದೇ ಎಣಿಸುತ್ತದೆ. ಆಗ ಆಟದ ಒಂದೊಂದು ಪಿಕ್ಸೆಲ್‌ಗೆ 2.25 ಪಾಲು ಬಂದು, ಕೆಲವು ಕಂಬಗಳು ಅಗಲ, ಕೆಲವು ಮಸುಕು. ಮೆನುವಿನಲ್ಲಿ ಇನ್‌ಪುಟ್ ರೆಸಲ್ಯೂಶನ್ ಬದಲಿಸುವ ಸೌಲಭ್ಯವಿದ್ದರೆ 640×400 ಆರಿಸಿ. ಇಲ್ಲದಿದ್ದರೆ ಹಳೆಯ ಅನಲಾಗ್ ಚಿತ್ರವನ್ನು ಎಚ್‌ಡಿಎಂಐಗೆ ಬದಲಿಸುವ ಓಎಸ್‌ಎಸ್‌ಸಿಯಂಥ ಪರಿವರ್ತಕ ಬೇಕು. ಅದರಲ್ಲಿ ಒಂದು ಗೆರೆಗೆ, ಕಾಣದ ಅಂಚೂ ಸೇರಿ, ತೆಗೆಯುವ ಸ್ಯಾಂಪಲ್‌ಗಳನ್ನು 900ರಿಂದ 800ಕ್ಕೆ ಇಳಿಸಿದರೆ ಪಿಕ್ಸೆಲ್‌ಗಳು ಸರಿಯಾಗಿ ಕೂರುತ್ತವೆ.

ಎರಡನೆಯ ತೊಡಕು ಆ 70 ಹರ್ಟ್ಸ್. ಮಾನಿಟರ್ 70ನ್ನು ಒಪ್ಪಿಕೊಂಡ ಮಾತ್ರಕ್ಕೆ ಪ್ಯಾನೆಲ್ 70ರಲ್ಲಿ ಓಡುತ್ತದೆ ಎಂದಲ್ಲ. ಹಲವು ಮಾನಿಟರ್‌ಗಳು ಒಳಗೇ 60ಕ್ಕೆ ಇಳಿಸುತ್ತವೆ, ಅಂದರೆ ಪ್ರತಿ ಏಳು ಫ್ರೇಮ್‌ಗೆ ಒಂದು ಬಿದ್ದುಹೋಗುತ್ತದೆ. ನಿಂತ ಚಿತ್ರದಲ್ಲಿ ಇದು ಗೊತ್ತಾಗುವುದಿಲ್ಲ. ಹಿನ್ನೆಲೆ ಅಡ್ಡಡ್ಡ ಸರಿಯುವ ಆಟದಲ್ಲಿ ಸೆಕೆಂಡಿಗೆ ಹತ್ತು ಸಲ ಜರ್ಕ್ ಹೊಡೆದಂತೆ ಕಾಣುತ್ತದೆ. ಕೈಪಿಡಿಯಲ್ಲಿ ಇದನ್ನು ಬರೆದಿರುವುದಿಲ್ಲ. ಕೊಳ್ಳುವ ಮುನ್ನ ಅಂಥದೊಂದು ಆಟ ಓಡಿಸಿ ನೋಡುವುದೇ ಸರಿಯಾದ ಪರೀಕ್ಷೆ.

ಇನ್ನು ಪ್ಯಾನೆಲಿನ ಅಳತೆ. 320×200 ಚಿತ್ರ ಬಿಡಿಸಿದ್ದು 4:3 ಪರದೆಗಾಗಿ, ಅಂದರೆ ಪಿಕ್ಸೆಲ್ ಅಗಲಕ್ಕಿಂತ ಎತ್ತರ 1.2 ಪಟ್ಟು. 320ನ್ನು 5ರಿಂದ, 200ನ್ನು 6ರಿಂದ ಗುಣಿಸಿದರೆ ಸಿಗುವುದು 1600×1200. ಹೀಗೆ ಪೂರ್ಣಾಂಕದಲ್ಲಿ, ಸರಿಯಾದ ಆಕಾರದಲ್ಲಿ ಕೂರುವ ಪ್ಯಾನೆಲ್ ಸಿಗುವಾಗ ಬೇರೆಯದನ್ನು ಯಾಕೆ ಹುಡುಕಬೇಕು? ಡಾಸ್ ಆಟಗಳೇ ಮುಖ್ಯವಾದರೆ 1600×1200 ಅಥವಾ ಎರಡೂ ಬದಿ 160 ಪಿಕ್ಸೆಲ್ ಕಪ್ಪು ಬಿಡುವ 1920×1200 ನಮ್ಮ ಮೊದಲ ಆಯ್ಕೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಡೆಲ್ 2007ಎಫ್‌ಪಿ ಮೊದಲ ಬಗೆಗೆ, ಡೆಲ್ ಯು2412ಎಂ ಎರಡನೆಯ ಬಗೆಗೆ ಉದಾಹರಣೆ. ಎರಡರಲ್ಲೂ ವಿಜಿಎ ಇದೆ. 2007ಡಬ್ಲ್ಯೂಎಫ್‌ಪಿ ಎಂದಿದ್ದರೆ ಅದು 1680×1050ರ ಬೇರೆ ಮಾನಿಟರ್, ಗಮನಿಸಿ. 640×480 ಆಟಗಳಿಗೆ ಮಾತ್ರ 1440 ಗೆರೆಯ ಪ್ಯಾನೆಲ್ ಇನ್ನೂ ಚೆನ್ನ, ಸರಿಯಾಗಿ ಮೂರು ಪಟ್ಟು. 1080ರಲ್ಲಿ 480 ಗೆರೆ 2.25 ಪಟ್ಟು, 400 ಗೆರೆ 2.7 ಪಟ್ಟು, ಎರಡೂ ಕೂಡಿಬರುವುದಿಲ್ಲ.

ಎಲ್ಲೆಡೆ ಅಗ್ಗವಾಗಿ ಸಿಗುವ 17, 19 ಇಂಚಿನ 1280×1024 ಮಾನಿಟರ್‌ಗಳನ್ನು 4:3 ಎಂದು ಹಲವರು ನಂಬಿದ್ದಾರೆ. ಅವು 5:4. ಚಿತ್ರ ಸುಮಾರು ಶೇಕಡಾ 7ರಷ್ಟು ಎತ್ತರಕ್ಕೆ ಎಳೆದಂತಾಗುತ್ತದೆ. ಅಕ್ಷರದ ಕೆಲಸಕ್ಕೆ ಅಡ್ಡಿಯಿಲ್ಲ.

ಅಗಲ ಪರದೆಯಾದರೆ ಮೆನುವಿನಲ್ಲಿ "4:3" ಎಂದೇ ಬರೆದ ಆಯ್ಕೆ ಇರಬೇಕು. "ಆಸ್ಪೆಕ್ಟ್" ಅಥವಾ "ಆಟೋ" ಎಂದಷ್ಟೇ ಇದ್ದರೆ ಮಾನಿಟರ್ 720×400ನ್ನು ಅಂಕಿಯ ಪ್ರಕಾರ 1.8:1 ಎಂದುಕೊಂಡು ಚಪ್ಪಟೆಯಾಗಿ ತೋರಿಸುತ್ತದೆ. ವಿಜಿಎ ಇನ್‌ಪುಟ್‌ನಲ್ಲಿ ಆ ಆಯ್ಕೆ ಮಂಕಾಗಿ ಒತ್ತಲಾಗದಂತಿದೆಯೇ ಎಂಬುದನ್ನೂ ನೋಡಿ. ಎಲ್‌ಸಿಡಿ ಪ್ಯಾನೆಲ್‌ಗಳಲ್ಲಿ ಐಪಿಎಸ್, ವಿಎ ಎಂಬ ಬಗೆಗಳಿವೆ. ಐಪಿಎಸ್ ಆದರೆ ಒಳ್ಳೆಯದು. ವಿಎ ಪ್ಯಾನೆಲ್‌ಗಳ ಕಪ್ಪು ಚೆನ್ನಾಗಿರುತ್ತದೆ, ಆದರೆ ಕಪ್ಪು ಹಿನ್ನೆಲೆ ಸರಿಯುವಾಗ ಬಣ್ಣ ಹಿಂದೆ ಹರಡಿದಂತೆ ಕಾಣಬಹುದು.

ಅಮಿಗಾಕ್ಕೆ ನಮ್ಮ ಸಲಹೆ ನೇರ: ಮಾನಿಟರ್ ಹುಡುಕಬೇಡಿ, ಆ ಹಣವನ್ನು ಪರಿವರ್ತಕಕ್ಕೆ ಹಾಕಿ. ಬೆನ್‌ಕ್ಯೂ ಬಿಎಲ್702ಎಯಂತೆ 15 ಕಿಲೋಹರ್ಟ್ಸ್ ಒಪ್ಪುವ ಕೆಲವು ಎಲ್‌ಸಿಡಿಗಳು ಇವೆ ನಿಜ, ಆದರೆ ಅದೂ 5:4, ಹುಡುಕಿ ಸಿಗುವುದೂ ಕಷ್ಟ. ಓಎಸ್‌ಎಸ್‌ಸಿಗೆ ಅಮಿಗಾದ ಆರ್‌ಜಿಬಿಯನ್ನು (ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿ ಬರುವ ಸಂಕೇತ) ಹಳೆಯ ಯುರೋಪಿಯನ್ ಟಿವಿಗಳ ಸ್ಕಾರ್ಟ್ ಕೇಬಲ್‌ನಲ್ಲಿ ಕೊಟ್ಟರೆ ಪ್ರತಿ ಗೆರೆಯನ್ನೂ ಎರಡರಿಂದ ಐದು ಪಟ್ಟು ಮಾಡಿ ಎಚ್‌ಡಿಎಂಐಗೆ ಕಳಿಸುತ್ತದೆ. ಫ್ರೇಮನ್ನು ಕೂಡಿಟ್ಟುಕೊಳ್ಳದ ಕಾರಣ ವಿಳಂಬ ಇಲ್ಲವೆನ್ನುವಷ್ಟು ಕಡಿಮೆ. ಅದೇ ಕಾರಣಕ್ಕೆ, ಪಾಲ್ ಟಿವಿ ಪದ್ಧತಿಯ ಅಮಿಗಾದಿಂದ ಬಂದ 50 ಹರ್ಟ್ಸ್ ಹಾಗೇ ಹೊರಹೋಗುತ್ತದೆ, ಅಂದರೆ ಮಾನಿಟರ್ ಎಚ್‌ಡಿಎಂಐನಲ್ಲಿ 50 ಹರ್ಟ್ಸ್ ಒಪ್ಪಲೇಬೇಕು. ಕಾಂಪೊಸಿಟ್‌ನಿಂದ (ಇಡೀ ಚಿತ್ರ ಒಂದೇ ತಂತಿಯಲ್ಲಿ ಬರುವ ಸಂಕೇತ) ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಪೆಟ್ಟಿಗೆಗಳ ಸಹವಾಸ ಬೇಡ. ಅವು ಅಮಿಗಾದ ಸರಳ ಫ್ರೇಮ್‌ಗಳನ್ನು ಇಂಟರ್‌ಲೇಸ್ಡ್ (ಒಂದು ಸಲ ಬೆಸ, ಮತ್ತೊಂದು ಸಲ ಸಮ ಗೆರೆಗಳನ್ನು ಕಳಿಸುವ ಬಗೆ) ಎಂದು ತಪ್ಪಾಗಿ ತಿಳಿದು ಎರಡೆರಡನ್ನು ಬೆಸೆಯುತ್ತವೆ. ಮಿನುಗುವ ವಸ್ತುಗಳು ಮಾಯವಾಗುತ್ತವೆ, ಓಡುವವುಗಳ ಅಂಚು ಬಾಚಣಿಗೆಯಂತಾಗುತ್ತದೆ.

ಸಿಜಿಎ, ಇಜಿಎ, ಹರ್ಕ್ಯುಲಿಸ್ ಕಾರ್ಡ್ ಇರುವವರಿಗೆ ಒಂದು ಎಚ್ಚರಿಕೆ. ಅವುಗಳ 9 ಪಿನ್ನಿನ ಪೋರ್ಟಿನಲ್ಲಿ ಬರುವುದು 5 ವೋಲ್ಟಿನ ಟಿಟಿಎಲ್ ಎಂಬ ಡಿಜಿಟಲ್ ಸಂಕೇತ. ವಿಜಿಎ ಬಣ್ಣದ ತಂತಿಗಳು ನಿರೀಕ್ಷಿಸುವುದು 0.7 ವೋಲ್ಟ್. ಬರೀ ತಂತಿ ಜೋಡಿಸುವ ಅಡಾಪ್ಟರ್ ಹಾಕಿದರೆ ಕಾರ್ಡಿಗೂ ಮಾನಿಟರಿಗೂ ಅಪಾಯ. ರಾಸ್ಪ್‌ಬೆರಿ ಪೈ ಜೀರೋ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಓಡುವ ಆರ್‌ಜಿಬಿ-ಟು-ಎಚ್‌ಡಿಎಂಐ (RGBtoHDMI) ಪರಿವರ್ತಕ ಈ ಸಂಕೇತವನ್ನು ಡಿಜಿಟಲ್ ಆಗಿಯೇ ಓದುವುದರಿಂದ ಪ್ರತಿ ಪಿಕ್ಸೆಲ್ ಇದ್ದಂತೆಯೇ ಬರುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಬೇರೆ ಬೇಕಿಲ್ಲ.

ಮಾನಿಟರ್ ಬಂದ ಮೇಲೆ ಮಾಡಬೇಕಾದ ಕೆಲಸ ಒಂದಿದೆ. ಖಾಲಿ ಡಾಸ್ ಪರದೆಯಲ್ಲಿ, ಚಿತ್ರವನ್ನು ತಾನೇ ಹೊಂದಿಸುವ ಆಟೋ ಅಡ್ಜಸ್ಟ್ ಒತ್ತಬೇಡಿ. ಕಪ್ಪು ಅಂಚು ಎಲ್ಲಿ ಮುಗಿಯಿತೆಂದು ಮಾನಿಟರಿಗೆ ತಿಳಿಯದೆ ಚಿತ್ರ ಪಕ್ಕಕ್ಕೆ ಜಾರುತ್ತದೆ. ಆಲ್ಟ್ ಹಿಡಿದು ನಂಬರ್ ಪ್ಯಾಡಿನಲ್ಲಿ 177 ಒತ್ತಿದರೆ ಬರುವ ಚುಕ್ಕೆಚುಕ್ಕೆಯ ಅಕ್ಷರವನ್ನು ಒಂದು ಫೈಲಿನಲ್ಲಿ ತುಂಬಿಟ್ಟು, ಅದನ್ನು ಟೈಪ್ ಆಜ್ಞೆಯಿಂದ ಪರದೆ ತುಂಬ ಹರಡಿ ಆಮೇಲೆ ಆಟೋ ಕೊಡಿ. ಉದ್ದುದ್ದ ಪಟ್ಟಿಗಳು ಉಳಿದರೆ ಮಾನಿಟರ್ ಮೆನುವಿನ ಕ್ಲಾಕ್, ಇಡೀ ಪರದೆ ಮಿಣುಕುತ್ತಿದ್ದರೆ ಫೇಸ್, ಈ ಕ್ರಮದಲ್ಲೇ ಕೈಯಿಂದ ತಿದ್ದಿ. ಕ್ಲಾಕ್ ತಪ್ಪಿದ್ದರೆ ಫೇಸ್ ಎಷ್ಟು ತಿರುಗಿಸಿದರೂ ಪರದೆಯ ಒಂದು ಭಾಗ ಮಾತ್ರ ಸ್ಪಷ್ಟವಾಗುತ್ತದೆ.